ಕೊಂಡು ತರಲಾಗದ ಪ್ರಾಜೆಕ್ಟ್: ಚಾವಣಿ ಮಳೆನೀರಿನ ಲೆಕ್ಕದ ಸುತ್ತ ಒಂದು ಸೆಮಿಸ್ಟರ್

ಕೊನೆಯ ಸೆಮಿಸ್ಟರ್ ಬಂತೆಂದರೆ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡಿಂಗ್ ಭರಾಟೆ. ಎಷ್ಟೋ ವರದಿಗಳು ಹಿಂದಿನ ವರ್ಷದವೇ. ಹೆಸರು, ರಿಜಿಸ್ಟರ್ ನಂಬರ್ ಮಾತ್ರ ಹೊಸತು. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಸಿದ್ಧ ಉತ್ತರ ಸಿಗುವ ಪ್ರಶ್ನೆ ಕೊಟ್ಟರೆ ಸಿದ್ಧ ಉತ್ತರವೇ ಬರುತ್ತದೆ. ಹಾಗಾಗಿ ಪ್ರಾಜೆಕ್ಟ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನು: ಉತ್ತರಕ್ಕೆ ಬೇಕಾದ ಅಳತೆಯನ್ನು ವಿದ್ಯಾರ್ಥಿ ತಾನೇ ಹೋಗಿ ತರಬೇಕೋ ಬೇಡವೋ?

ಪದವಿ ತರಗತಿಗೆ ನಾನು ಹೆಚ್ಚಾಗಿ ಕೊಡುವ ಪ್ರಶ್ನೆ: "ನಮ್ಮ ಚಾವಣಿಯ ಮಳೆನೀರು ಶೌಚಾಲಯದ ಬಳಕೆಗೆ ವರ್ಷದಲ್ಲಿ ಎಷ್ಟು ದಿನ ಸಾಕು? ಎಷ್ಟು ದೊಡ್ಡ ಟ್ಯಾಂಕ್ ಬೇಕು?" ಕಾಲೇಜಿನಲ್ಲಾದರೆ ನಾಲ್ವರ ತಂಡಕ್ಕೆ ಒಂದು ಕಟ್ಟಡ. ಆನ್‌ಲೈನ್ ಕೋರ್ಸಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಮನೆ.

ಪ್ರಾಜೆಕ್ಟ್ ಮೂಲಕ ಕಲಿಸುವುದು ಹೊಸದೇನಲ್ಲ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಇದರ ಬಗ್ಗೆ ಬರೆದಿದ್ದರು. 1974ರಲ್ಲಿ ಶುರುವಾದ ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರಿನ ಸುಮಾರು ಅರ್ಧ ಪಾಲು ಪ್ರಾಜೆಕ್ಟಿಗೇ ಮೀಸಲು. ನಮಗೆ ಆ ಭಾಗ್ಯವಿಲ್ಲ. ಒಂದು ಪತ್ರಿಕೆ, ವಾರಕ್ಕೆ ನಾಲ್ಕು ಗಂಟೆ. ಹೆಸರಿಗೆ 15 ವಾರವಾದರೂ ಹಬ್ಬ, ಇಂಟರ್ನಲ್ ಟೆಸ್ಟ್ ಕಳೆದರೆ ಕೈಗೆ ಸಿಗುವುದು 12. "ನಗರದ ನೀರಿನ ಸಮಸ್ಯೆಗೆ ಪರಿಹಾರ"ದಂಥ ವಿಷಯಗಳನ್ನು ಇಷ್ಟರಲ್ಲಿ ಹಿಡಿಸಲು ಆಗುವುದಿಲ್ಲ. ಒಂದು ಚಾವಣಿ ಹಿಡಿಸುತ್ತದೆ.

ಮೊದಲ ವಾರ ಪಾಠ ಮಾಡುವುದಿಲ್ಲ. ಉತ್ತರವನ್ನು ಊಹಿಸಿ ಬರೆದು ಸಹಿ ಹಾಕಿ ಕೊಡಲು ಹೇಳುತ್ತೇನೆ. ಎರಡನೇ ವಾರ ಅಳತೆ. ತಪ್ಪುಗಳ ಸುಗ್ಗಿ ಇಲ್ಲಿಂದಲೇ. 30×40 ಸೈಟಿನ ಮನೆಯವರು ಚಾವಣಿ 1,200 ಎಂದು ಬರೆಯುತ್ತಾರೆ. ಅದು ಚದರ ಅಡಿ. ಸೂತ್ರ ಕೇಳುವುದು ಚದರ ಮೀಟರ್, ಅಂದರೆ ಸುಮಾರು 111. ಮೇಲಾಗಿ ಅದು ಸೈಟಿನ ಅಳತೆ, ಚಾವಣಿಯದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಬಾಯಿಗೆ ಬಂದರೆ ಹತ್ತು ಪಟ್ಟಿನ ತಪ್ಪನ್ನು ಅವರೇ ಹಿಡಿಯುತ್ತಾರೆ.

ಹೆಂಚಿನ ಮನೆಯವರದು ಬೇರೆ ತಪ್ಪು. ಇಳಿಜಾರಿನ ಉದ್ದಕ್ಕೂ ಟೇಪ್ ಹಿಡಿಯುತ್ತಾರೆ. ಮಳೆ ಹಿಡಿಯುವುದು ಇಳಿಜಾರಿನ ಹಾಸಲ್ಲ, ನೆಲದ ಮೇಲೆ ಅದರ ನೆರಳಿನಷ್ಟು ಜಾಗ. 30 ಡಿಗ್ರಿ ಇಳಿಜಾರಿದ್ದರೆ ಇದರಿಂದಲೇ ಲೆಕ್ಕ ಶೇ. 15ರಷ್ಟು ಉಬ್ಬುತ್ತದೆ. ಸೂರಿನ ಅಂಚಿನಿಂದ ಅಂಚಿಗೆ ನೆಲದಲ್ಲೇ ಅಳೆದರೆ ಸಾಕು, ಹೆಂಚಿನ ಮೇಲೆ ಯಾರೂ ಹತ್ತಬೇಕಿಲ್ಲ. ಪ್ಯಾರಾಪೆಟ್ ಇಲ್ಲದ ತಾರಸಿಗೂ ಇದೇ ನಿಯಮ. ಮೊದಲ ದಿನವೇ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ.

ಮಳೆಮಾಪಕಕ್ಕೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಕತ್ತಿನ ಭಾಗ ಕತ್ತರಿಸಿ ಬೋರಲು ಹಾಕಿದರೆ ಆಲಿಕೆ. ತಳ ಡೊಂಕಾಗಿರುವುದರಿಂದ ಬಾಟಲಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ, ಮೇಲಕ್ಕೆ ಸ್ಕೇಲ್ ಅಂಟಿಸಬೇಕು. ಪಕ್ಕದ ಗೋಡೆ ಅಥವಾ ಮರದ ಎತ್ತರದ ಎರಡು ಪಟ್ಟಾದರೂ ದೂರ ಇಡಬೇಕು. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದಬೇಕು. ರಾತ್ರಿಯ ಮಳೆಯನ್ನು ಕೆಲವರು ಹಿಂದಿನ ದಿನಕ್ಕೆ, ಕೆಲವರು ಓದಿದ ದಿನಕ್ಕೆ ಬರೆಯುತ್ತಾರೆ. ಆಗ ಪಕ್ಕಪಕ್ಕದ ಮನೆಗಳ ಅಂಕಿ ಒಂದು ದಿನ ಆಚೀಚೆಯಾಗಿ ಎರಡಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಓದಿದ ದಿನಾಂಕವನ್ನೇ ಬರೆಯಿರಿ ಎಂದು ಮೊದಲೇ ಗೆರೆ ಎಳೆದುಬಿಡಬೇಕು.

ನಿಜವಾದ ಪಾಠ ಶುರುವಾಗುವುದು ಆರನೇ ವಾರದ ಹೊತ್ತಿಗೆ, ಹುಡುಗರು ಖುಷಿಯಿಂದ ವಾರ್ಷಿಕ ಸರಾಸರಿ ತೆಗೆದುಕೊಂಡು ಬಂದಾಗ. 1,200 ಚದರ ಮೀಟರ್ ಆರ್‌ಸಿಸಿ ಚಾವಣಿ, ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ., ಕೈಗೆ ಬರುವ ಪಾಲು 0.8 ಎಂದರೆ 9,31,200 ಲೀಟರ್. ಬಳಕೆ ದಿನಕ್ಕೆ 4,800 ಲೀಟರಿನಂತೆ ತಿಂಗಳಿಗೆ 24 ದಿನ, ವರ್ಷಕ್ಕೆ ಹತ್ತು ತಿಂಗಳು: 11,52,000. "ಶೇ. 80 ಸಾಕಾಗುತ್ತದೆ ಸಾರ್!" ಇಲ್ಲಿ ನಾನು ತಿದ್ದುವುದಿಲ್ಲ. "20,000 ಲೀಟರ್ ಟ್ಯಾಂಕಿಗೆ 25 ಮಿ.ಮೀ. ಮಳೆ ಬಂದರೆ?" ಎಂದು ಕೇಳುತ್ತೇನೆ. ಮೊದಲ 2 ಮಿ.ಮೀ. ಕೊಳೆ ನೀರನ್ನು ಆಚೆ ಬಿಟ್ಟರೂ 22,080 ಲೀಟರ್ ಬರುತ್ತದೆ. ಒಂದೇ ಮಳೆಗೆ ಟ್ಯಾಂಕ್ ಉಕ್ಕಿ ಚರಂಡಿಗೆ. ಜನವರಿಯಲ್ಲಿ ಅದೇ ಟ್ಯಾಂಕಿನ ತಳ ಒಣಗಿರುತ್ತದೆ.

ಆಗ ದಿನವಹಿ ಲೆಕ್ಕ ಬೇಕೆಂದು ಅವರಿಗೇ ಅನ್ನಿಸುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಆರು ಕಾಲಂ: ದಿನಾಂಕ, ಮಳೆ, ಒಳಹರಿವು, ಬಳಕೆ, ಟ್ಯಾಂಕ್ ಮಟ್ಟ, ಉಕ್ಕಿದ್ದು. ನಿನ್ನೆಯ ಮಟ್ಟಕ್ಕೆ ಒಳಹರಿವು ಕೂಡಿಸಿ ಬಳಕೆ ಕಳೆ. ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆ, ಸಾಮರ್ಥ್ಯ ಮೀರಿದರೆ ಸಾಮರ್ಥ್ಯ, ಮಿಕ್ಕಿದ್ದು ಉಕ್ಕಿದ ಕಾಲಂಗೆ. ಮಿನ್, ಮ್ಯಾಕ್ಸ್ ಎಂಬೆರಡು ಸೂತ್ರಗಳನ್ನು ಹದಿನೈದು ನಿಮಿಷದಲ್ಲಿ ಕಲಿಸಬಹುದು. ಇದನ್ನೇ ಮೊದಲ ವಾರ ಕಲಿಸಿದ್ದರೆ ಯಾರ ತಲೆಗೂ ಹೋಗುತ್ತಿರಲಿಲ್ಲ.

ಆನ್‌ಲೈನ್ ತರಗತಿಯಲ್ಲಿ ಇದೇ ಪ್ರಾಜೆಕ್ಟ್ ಇನ್ನೂ ರುಚಿ. ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನ ಹೆಂಚಿನ ಮನೆ, ಮಳೆ ಕಡಿಮೆಯಿರುವ ಚಿತ್ರದುರ್ಗದ ಶೀಟಿನ ಮನೆ ಒಂದೇ ಹಾಳೆಯಲ್ಲಿ ಕೂರುತ್ತವೆ. ತೊಡಕು ನೆಟ್‌ವರ್ಕಿನದು. ಲೈವ್ ತರಗತಿ 40 ನಿಮಿಷ ಮೀರಿಸಬೇಡಿ. ಪಾಠದ ತುಣುಕುಗಳನ್ನು ರೆಕಾರ್ಡ್ ಮಾಡಿ ಕಳಿಸಿ. ಅಳತೆಯ ಸಾಕ್ಷಿಗೆ ವಿಡಿಯೋ ಬೇಡ. ಟೇಪ್ ಕಾಣುವ ಒಂದು ಫೋಟೋ, ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು. ಹಾಳೆಯನ್ನು ಹಂಚಿಕೊಂಡ ಫೈಲಿನಲ್ಲೇ ತುಂಬಿಸಿ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಅದರ ಹಿಸ್ಟರಿಯಲ್ಲಿ ಉಳಿಯುತ್ತದೆ. ಮೂವತ್ತು ದಿನದ ಮಳೆಯನ್ನು ಒಂದೇ ರಾತ್ರಿ ತುಂಬಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಅಂಕಗಳನ್ನು ವರದಿಯ ಮೇಲೆ ಸುರಿದರೆ ಮತ್ತೆ ಬೈಂಡಿಂಗ್ ಅಂಗಡಿಗೇ ಓಡುತ್ತಾರೆ. ನೂರರಲ್ಲಿ 40 ವಾರವಾರದ ಲಾಗ್‌ಬುಕ್ಕಿಗೆ, 30 ಒಬ್ಬೊಬ್ಬರ ವೈವಾಕ್ಕೆ, 20 ಸ್ಪ್ರೆಡ್‌ಶೀಟಿಗೆ, ವರದಿಗೆ 10, ಅದೂ ಆರು ಪುಟದೊಳಗೆ. ವೈವಾದಲ್ಲಿ "ಮಳೆಕೊಯ್ಲು ಎಂದರೇನು" ಎಂದು ಕೇಳುವುದಿಲ್ಲ. ಟ್ಯಾಂಕನ್ನು ಅರ್ಧ ಮಾಡಿ, ಬಳಕೆಯನ್ನು 1,000 ಲೀಟರ್ ಏರಿಸಿ, ಏನಾಗುತ್ತದೆಂದು ಎದುರಿಗೇ ತೋರಿಸಲು ಹೇಳುತ್ತೇನೆ. ಕೆಲಸ ಮಾಡಿದವರಿಗೆ ಹತ್ತು ನಿಮಿಷದ ಮಾತು. ಬರೀ ಹೆಸರು ಸೇರಿಸಿಕೊಂಡವರಿಗೆ ಯಾವ ಸೆಲ್ ಮುಟ್ಟಬೇಕೆಂದೇ ತಿಳಿಯುವುದಿಲ್ಲ.

ತಂಡದವರು ಪರಸ್ಪರ ಅಂಕ ಕೊಡುವ ಪದ್ಧತಿ ನಮ್ಮಲ್ಲಿ ನೇರವಾಗಿ ನಡೆಯದು. ಸ್ನೇಹಕ್ಕೆ ಕಟ್ಟುಬಿದ್ದು ಎಲ್ಲರಿಗೂ ಹತ್ತಕ್ಕೆ ಹತ್ತು. ಅಂಕದ ಬದಲು, ಪ್ರತಿಯೊಬ್ಬ ಸಹಪಾಠಿ ಆ ವಾರ ಮಾಡಿದ ಒಂದು ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ ಎಂದರೆ ನಿಜ ಹೊರಬರುತ್ತದೆ. ಒಬ್ಬರ ಮುಂದೆ ಎರಡು ವಾರ ಸತತ ಖಾಲಿ ಬಿದ್ದರೆ ಕರೆದು ಮಾತಾಡುತ್ತೇನೆ, ಕೊನೆಯವರೆಗೆ ಕಾಯುವುದಿಲ್ಲ.

ಬೇಸಿಗೆಯ ಸೆಮಿಸ್ಟರಿನಲ್ಲಿ ಬಾಟಲಿಗೆ ಹನಿಯೂ ಬೀಳದಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹಳೆಯ ದಿನವಹಿ ಮಳೆ ಅಂಕಿಗಳನ್ನು ಬಳಸಬಹುದು. ಆಗ ವಿದ್ಯಾರ್ಥಿಯ ಸ್ವಂತ ಅಳತೆಯನ್ನು ಬಳಕೆಯ ಕಡೆಗೆ ತಿರುಗಿಸಿ: ಓವರ್‌ಹೆಡ್ ಟ್ಯಾಂಕಿನ ಮಟ್ಟವನ್ನು ಬೆಳಿಗ್ಗೆ, ಸಂಜೆ ಗುರುತು ಹಾಕಿ, ಮೋಟರ್ ಓಡಿದ ಹೊತ್ತು ಬರೆದುಕೊಳ್ಳಲಿ. ಎರಡು ವಾರದ ಗುರುತುಗಳಿಗೆ ಪರೀಕ್ಷೆಯ ದಿನಗಳನ್ನು ಸೇರಿಸಬೇಡಿ, ಆಗ ಬಳಕೆಯೇ ಬೇರೆ.