ನಮ್ಮ ಹಾಲ್‌ ಗೋಡೆಗೆ ರೆನ್ವಾರ್ ಸೇವಂತಿಗೆ

ಸೋಫಾ ಹಿಂದಿನ ಗೋಡೆಗೆ ಇಂಪ್ರೆಷನಿಸ್ಟ್ (ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ, ಬಿಡಿಬಿಡಿ ಬ್ರಷ್ ಗೀಟುಗಳ ಶೈಲಿ) ಹೂವಿನ ಚಿತ್ರವೇ ಬೇಕು ಅನ್ನೋದು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಿತ್ತು. ಯಾವುದು ಅನ್ನೋದರಲ್ಲಿ ಮಾತ್ರ ಜಗಳ. ಆ ಶೈಲಿಯ ಕಲಾವಿದ ಮೋನೆ 1881ರಲ್ಲಿ ಬರೆದ ಸೂರ್ಯಕಾಂತಿ ನನಗೆ ತುಂಬಾ ಇಷ್ಟ, ಆದರೆ ಅದು ನಿಲುವಾದ ಚಿತ್ರ, ನಮ್ಮ ಗೋಡೆ ಅಡ್ಡಕ್ಕೆ ಅಗಲ. ಹಾಗಾಗಿ ಅದೇ ಶೈಲಿಯ ಇನ್ನೊಬ್ಬ ಕಲಾವಿದ ರೆನ್ವಾರ್‌ನ ಅಡ್ಡ ಚಿತ್ರ ಸೇವಂತಿಗೆ ಗೆದ್ದಿತು. ಅಮ್ಮನಿಗಂತೂ ಗುರುತಿನ ಹೂವು, ಅಲ್ವಾ! ಮೂಲ ಚಿತ್ರ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಇಂಥ ಹಳೆಯ ಚಿತ್ರಗಳ ಫೈಲನ್ನು ಆ ಮ್ಯೂಸಿಯಂ ಪುಕ್ಕಟೆ ಕೊಡುತ್ತದೆ.

ಅಳತೆ ನೋಡದೆ ಪ್ರಿಂಟಿಗೆ ಕೊಡಬೇಡಿ. ಮೂಲ ಸುಮಾರು 55×66 ಸೆಂ.ಮೀ. ಇದೆ, ಅದಕ್ಕೆ 20×24 ಇಂಚು ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ಅಂಗಡಿಯವರು 24×36 ಚೆನ್ನಾಗಿರುತ್ತೆ ಸರ್ ಅಂದರು, ಆದರೆ ಆ ಅಳತೆಗೆ ಮೇಲಿನ, ಕೆಳಗಿನ ಹೂಗಳನ್ನು ಕತ್ತರಿಸಬೇಕಾಗುತ್ತದೆ. ಬೇಡ ಅಂದೆ.

ಈ ಚಿತ್ರಗಳ ಜೀವವೇ ಬ್ರಷ್ಷಿನ ಗೀಟುಗಳಲ್ಲಿದೆ. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ, ಆರೇಳು ಅಡಿ ಹಿಂದೆ ಬಂದರೆ ಎಸಳು ಬಿಡಿಸಿಟ್ಟ ಹಾಗೆ ಹೂವು. ಫೈಲ್ ಚಿಕ್ಕದಾದರೆ ಆ ಗೀಟುಗಳೆಲ್ಲ ನುಣ್ಣಗಾಗಿ ಪ್ಲಾಸ್ಟಿಕ್ ಹೂವಾಗಿಬಿಡುತ್ತದೆ, ಅದಕ್ಕೇ ಈ ಅಳತೆಗೆ ಉದ್ದದ ಬದಿಯಲ್ಲಿ 3000 ಪಿಕ್ಸೆಲ್ ಆದರೂ ಇರಲಿ. ಕ್ಯಾನ್ವಾಸ್ ಪ್ರಿಂಟಿನ ಮೇಲೆ ಜೆಲ್ ಬಳಿದು ಕೈಯಲ್ಲಿ ಬರೆದಂತೆ ಮಾಡಿಕೊಡುವವರೂ ಇದ್ದಾರೆ. ಜೆಲ್ ಗೀಟು ಒಂದು ಕಡೆ, ಚಿತ್ರದ ಗೀಟು ಇನ್ನೊಂದು ಕಡೆ. ನನಗೆ ಸಹಿಸಲಾಗಲಿಲ್ಲ. ಹೊಳಪಿಲ್ಲದ ಮ್ಯಾಟ್ ಪೇಪರ್, ಬೇಗ ಮಾಸದ ಪಿಗ್ಮೆಂಟ್ ಇಂಕ್ ಸಾಕು ಅಂದೆ. ಮೊದಲು ಒಂದು ಮೂಲೆಯನ್ನಷ್ಟೇ ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಮನೆಗೆ ತಂದು, ಹಗಲು ಬೆಳಕಲ್ಲೂ ರಾತ್ರಿ ನಮ್ಮ ಹಳದಿ ಎಲ್ಇಡಿ ಕೆಳಗೂ ಹಿಡಿದು ನೋಡಿದೆವು.

ಫ್ರೇಮ್ ತೆಳ್ಳಗಿನ ತೇಗದ ಬಣ್ಣದ್ದು. ಕೆತ್ತನೆಯ ಚಿನ್ನದ ಫ್ರೇಮ್ ನಮ್ಮ ಹಾಲಿಗೆ ಸುಮ್ನೆ ಜಾಸ್ತಿಯಾಗುತ್ತಿತ್ತು. ಪ್ರಿಂಟಿನ ಸುತ್ತ ಎರಡು ಇಂಚು ಬೆಳ್ಳನೆಯ ಮೌಂಟ್ ಬೋರ್ಡ್ (ಪ್ರಿಂಟಿಗೂ ಫ್ರೇಮಿಗೂ ನಡುವೆ ಕೂರಿಸುವ ದಪ್ಪ ರಟ್ಟು), ಅದೂ ಆಸಿಡ್ ಫ್ರೀ, ಇಲ್ಲವಾದರೆ ಕಾಲಕ್ರಮೇಣ ಕಾಗದದ ಅಂಚು ಹಳದಿಯಾಗುತ್ತದೆ. ಮೌಂಟ್ ಇದ್ದರೆ ಗಾಜು ಪ್ರಿಂಟಿಗೆ ತಾಗುವುದಿಲ್ಲ, ಮಳೆಗಾಲದ ತೇವಕ್ಕೆ ಅಂಟಿಕೊಳ್ಳುವುದೂ ಇಲ್ಲ. ಎದುರು ಗೋಡೆಯಲ್ಲಿ ಕಿಟಕಿ ಇರುವುದರಿಂದ ಪ್ರತಿಫಲನ ಕಮ್ಮಿಯಿರುವ ಗಾಜನ್ನೇ ಹಾಕಿಸಿದೆ. ದುಬಾರಿಯೇ, ಆದರೆ ಸಾದಾ ಗಾಜಿನಲ್ಲಿ ಹೂವಿನ ಬದಲು ಕಿಟಕಿಯ ಗ್ರಿಲ್ ಕಾಣುತ್ತಿತ್ತು.

ನೇತು ಹಾಕುವಾಗ ಸೋಫಾ ಬೆನ್ನಿನಿಂದ ಏಳೆಂಟು ಇಂಚು ಮೇಲೆ ಫ್ರೇಮಿನ ಕೆಳ ಅಂಚು ಬರುವಂತೆ ನೋಡಿಕೊಂಡೆ. ಗಾಜಿನ ಭಾರ ಇದೆಯಲ್ಲ, ಒಂದೇ ಮೊಳೆ ನಂಬದೆ ಡ್ರಿಲ್ ಮಾಡಿಸಿ ಎರಡು ಕಡೆ ಸ್ಕ್ರೂ ಹಾಕಿಸಿದೆ.