ಕಮ್ಯುನಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ: ಮೊದಲ ಸೆಮಿಸ್ಟರಿನಿಂದಲೇ ಲೆಕ್ಕ ಹಾಕಿ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಮನೆಗಳಲ್ಲಿ ಮಗಳು ಕಮ್ಯುನಿಟಿ ಕಾಲೇಜಿಗೆ ಸೇರುತ್ತೇನೆ ಎಂದರೆ ಅಪ್ಪ ಅಮ್ಮನ ಮುಖ ಸಣ್ಣದಾಗುತ್ತದೆ. ಊರಿನಲ್ಲಿರುವ ಅಜ್ಜಿ ತಾತನಿಗೆ ಏನಂತ ಹೇಳೋದು ಎಂಬ ಚಿಂತೆ ಬೇರೆ. ಈ ಸಂಕೋಚ ಬೇಡ. 1984ರಲ್ಲಿ ಕೆಮಿಸ್ಟ್ರಿಗೆ ನೊಬೆಲ್ ಪಡೆದ ಬ್ರೂಸ್ ಮೆರಿಫೀಲ್ಡ್ ಮೊದಲ ಎರಡು ವರ್ಷ ಓದಿದ್ದು ಪಸಡೀನಾ ಜೂನಿಯರ್ ಕಾಲೇಜಿನಲ್ಲಿ. ಕಮ್ಯುನಿಟಿ ಕಾಲೇಜಿಗೆ ಆಗ ಇದ್ದ ಹೆಸರು ಅದು. ಆಮೇಲೆ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಯುಸಿಎಲ್‌ಎ ಸೇರಿದರು. ಈಗಲೂ ದಾರಿ ಅದೇ: ಎರಡು ವರ್ಷ ಕಮ್ಯುನಿಟಿ ಕಾಲೇಜು, ಇನ್ನೆರಡು ವರ್ಷ ಯೂನಿವರ್ಸಿಟಿ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಫೀಸು. ಐದು ಯೂನಿಟ್‌ನ ಜನರಲ್ ಕೆಮಿಸ್ಟ್ರಿ ಕೋರ್ಸಿಗೆ 230 ಡಾಲರ್. ಪುಸ್ತಕ, ಚಿಲ್ಲರೆ ಫೀಸು ಬೇರೆ.

ಮೊದಲು ಮಾಡಬೇಕಾದ್ದು, ಕೊನೆಯಿಂದ ಲೆಕ್ಕ ಹಾಕುವುದು. ‘ಅಸಿಸ್ಟ್’ ಎಂಬ ಸರ್ಕಾರಿ ವೆಬ್‌ಸೈಟ್ ಇದೆ. ನಿಮ್ಮ ಕಾಲೇಜು, ಮುಂದೆ ಹೋಗಬೇಕಾದ ಯೂನಿವರ್ಸಿಟಿ, ಓದುವ ವಿಷಯ, ಈ ಮೂರನ್ನು ಆರಿಸಿದರೆ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವ ಕೋರ್ಸಿಗೆ ಸಮ ಎಂದು ತೋರಿಸುತ್ತದೆ. ಎರಡು ಮೂರು ಯೂನಿವರ್ಸಿಟಿಗಳ ಪಟ್ಟಿ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೌನ್ಸೆಲರ್ ಹತ್ತಿರ ಹೋಗಿ. ಸುಮ್ನೆ ಹೋಗಿ ‘ಏನು ತಗೊಳ್ಳಲಿ?’ ಎಂದು ಕೇಳಿದರೆ ಎಲ್ಲರಿಗೂ ಹೇಳುವ ಉತ್ತರವೇ ಸಿಗುತ್ತದೆ.

ಇಲ್ಲಿಂದ ಮುಂದಿನದು ಈ ಲೇಖನದ ಮುಖ್ಯ ಮಾತು. ಕೆಮಿಸ್ಟ್ರಿ ಸರಪಳಿಯ ಹಾಗೆ. ಸೆಮಿಸ್ಟರ್ ಇರುವ ಕಾಲೇಜಿನಲ್ಲಿ ಸಾಮಾನ್ಯವಾಗಿ ಜನರಲ್ ಕೆಮಿಸ್ಟ್ರಿ ಎರಡು ಭಾಗ, ಆರ್ಗ್ಯಾನಿಕ್ (ಕಾರ್ಬನ್ ಸಂಯುಕ್ತಗಳ ಕೆಮಿಸ್ಟ್ರಿ) ಎರಡು ಭಾಗ. ಒಂದು ಪಾಸಾಗದೆ ಮುಂದಿನದಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾಲ್ಕು ಸೆಮಿಸ್ಟರಿಗೆ ನಾಲ್ಕು ಕೋರ್ಸು ಅಂದರೆ ಉಸಿರಾಡಲೂ ಜಾಗ ಇಲ್ಲ. ಡಿ ಆಂಝಾ, ಫುಟ್‌ಹಿಲ್ ತರಹದ ಕಾಲೇಜುಗಳಲ್ಲಿ ವರ್ಷಕ್ಕೆ ಮೂರು ಕ್ವಾರ್ಟರ್. ಅಲ್ಲಿ ಮೂರು ಜನರಲ್, ಮೂರು ಆರ್ಗ್ಯಾನಿಕ್. ಲೆಕ್ಕ ಮತ್ತೆ ಎರಡು ವರ್ಷಕ್ಕೇ ಬಂತು. ‘ಮೊದಲ ಸೆಮಿಸ್ಟರ್ ಹಗುರವಾಗಿರಲಿ, ಕೆಮಿಸ್ಟ್ರಿ ಆಮೇಲೆ ನೋಡೋಣ’ ಎಂದವರಿಗೆ ಎರಡು ವರ್ಷದ ಓದು ಮೂರು ವರ್ಷವಾಗುತ್ತದೆ. ಓದಿನಲ್ಲಿ ಹಿಂದೆ ಬಿದ್ದು ಹೀಗಾಗುವುದಲ್ಲ. ಕೋರ್ಸುಗಳ ಸಾಲು ತಪ್ಪಿ ಆಗುವುದು. ಅದಕ್ಕೇ ಬೇಸರ ಜಾಸ್ತಿ.

ಗಣಿತವೂ ಅಷ್ಟೇ. ಕೆಮಿಸ್ಟ್ರಿ ಮೇಜರ್‌ಗೆ ಕ್ಯಾಲ್ಕುಲಸ್ ಬೇಕು. ಕ್ಯಾಲ್ಕುಲಸ್ ಆಗದೆ ಫಿಸಿಕ್ಸ್ ಶುರುವಾಗದು. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ, ಕ್ಯಾಲ್ಕುಲಸ್, ಜೊತೆಗೆ ಒಂದು ಇಂಗ್ಲಿಷ್ ಕೋರ್ಸು ಸಾಕು. ಹೈಸ್ಕೂಲಿನ ಕೆಮಿಸ್ಟ್ರಿ ಮಸುಕಾಗಿದ್ದರೆ ತಯಾರಿ ಕೋರ್ಸನ್ನು ಸೇರುವ ಮೊದಲಿನ ಬೇಸಿಗೆಯಲ್ಲೇ ಮುಗಿಸಿಬಿಡಿ. ಇತಿಹಾಸ, ಕಲೆಯಂಥ ಜನರಲ್ ಎಜುಕೇಶನ್ ಕೋರ್ಸುಗಳನ್ನೂ ಬೇಸಿಗೆಗೆ ಇಟ್ಟುಕೊಳ್ಳಬಹುದು. ಲ್ಯಾಬ್ ಇರುವ ಕ್ಲಾಸಿನಲ್ಲಿ ಸೀಟು ಕಡಿಮೆ. ರಿಜಿಸ್ಟ್ರೇಷನ್ ತೆರೆದ ಗಳಿಗೆಗೇ ಕೂರಬೇಕು. ವೇಯ್ಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನದ ಕ್ಲಾಸಿಗೆ ಹೋಗಿ, ಬಿಟ್ಟುಹೋದವರ ಜಾಗ ಹಾಗೇ ಸಿಗುವುದು. ಇನ್ನೊಂದು ಎಚ್ಚರಿಕೆ: ಆರ್ಗ್ಯಾನಿಕ್‌ನ ಎಲ್ಲ ಭಾಗಗಳನ್ನೂ ಒಂದೇ ಕಾಲೇಜಿನಲ್ಲಿ ಮುಗಿಸಿ. ಅರ್ಧ ಇಲ್ಲಿ ಅರ್ಧ ಅಲ್ಲಿ ಮಾಡಿದರೆ ಕ್ರೆಡಿಟ್ ಹೊಂದಿಸುವುದು ತಲೆನೋವು.

ಲ್ಯಾಬ್ ಸಮಯವನ್ನು ಮನೆಗೆ ಬೇಗ ಓಡುವ ಅವಸರದಲ್ಲಿ ಕಳೆಯಬೇಡಿ. ಕೆಲಸ ಕೊಡುವವರು ನೋಡುವುದು ಈ ಕೈಗಳನ್ನೇ. ದ್ರವ ಅಳೆದು ಬಿಡುವ ಪಿಪೆಟ್ ನಳಿಗೆ ಹಿಡಿದು ಪ್ರತಿ ಸಲವೂ ಅಷ್ಟೇ ಅಳತೆ ಬಿಡಲು ಬರಬೇಕು. ಟೈಟ್ರೇಶನ್‌ನಲ್ಲಿ, ಅಂದರೆ ಹನಿಹನಿಯಾಗಿ ದ್ರಾವಣ ಸೇರಿಸಿ ಅಳೆಯುವಾಗ, ಬಣ್ಣ ತಿರುಗುವ ಹನಿಯಲ್ಲಿ ನಿಲ್ಲಿಸಲು ಬರಬೇಕು. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆಯಿರಿ. ತಪ್ಪಾದರೆ ಅಳಿಸಬೇಡಿ, ವೈಟ್ನರ್ ಹಚ್ಚಬೇಡಿ. ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆಯಿರಿ. ಔಷಧ ಕಂಪನಿಗಳ ಲ್ಯಾಬ್‌ಗಳಲ್ಲಿ ಇದೇ ನಿಯಮ. ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರಗಳು ಕಾಲೇಜಿನಲ್ಲಿದ್ದರೆ, ಪಾಠದಲ್ಲಿ ಇಲ್ಲದಿದ್ದರೂ ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿ ಕಲಿಯಿರಿ. ಅವರಿಗೆ ಕೆಲವೊಮ್ಮೆ ವಿದ್ಯಾರ್ಥಿ ಸಹಾಯಕರೂ ಬೇಕಾಗುತ್ತಾರೆ.

ಟ್ರಾನ್ಸ್‌ಫರ್‌ಗೆ, ಅಂದರೆ ಎರಡು ವರ್ಷದ ಮೇಲೆ ಯೂನಿವರ್ಸಿಟಿಗೆ ಹೋಗಲು, ‘ಟ್ಯಾಗ್’ ಎಂಬ ಸೀಟು ಖಾತ್ರಿಯ ಒಪ್ಪಂದವಿದೆ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್, ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಯುಸಿಎಲ್‌ಎಗೆ ಇದು ಇಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಟ್ಯಾಗ್ ಅರ್ಜಿ, ಆಮೇಲೆ ಮಾಮೂಲಿ ಅರ್ಜಿ, ಎರಡೂ ಹಾಕಬೇಕು. ಬೇಕಾದ ಅಂಕ ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಬೇರೆ.

ಎಚ್‌4 ವೀಸಾದಲ್ಲಿರುವ (ಎಚ್‌1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಮಕ್ಕಳ ಅಪ್ಪ ಅಮ್ಮ ಇದನ್ನು ಗಮನಿಸಿ. ಈ ಮಕ್ಕಳು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. 21 ತುಂಬಿದರೆ ಎಚ್‌4 ಮುಗಿಯುತ್ತದೆ. ಓದು ನಡುವೆಯೇ ಇದ್ದರೆ ವಿದ್ಯಾರ್ಥಿಗಳ ವೀಸಾ ಎಫ್1ಗೆ ಬದಲಾಗಬೇಕು, ಆಗ ಫೀಸಿನ ಲೆಕ್ಕವೂ ಬದಲಾಗಬಹುದು. ಹುಟ್ಟುಹಬ್ಬಕ್ಕೆ ಒಂದು ವರ್ಷ ಮುಂಚೆಯೇ ವಕೀಲರನ್ನೂ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೂ ಕಾಣಿ.

ಇನ್ನು ಕೆಲಸ. ಎರಡು ವರ್ಷದ ಅಸೋಸಿಯೇಟ್ ಪದವಿ ಇದ್ದರೆ ಆಹಾರ, ಬಣ್ಣ, ಔಷಧ ಕಂಪನಿಗಳಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಬಹುದು. ಕುಡಿಯುವ ನೀರು ಶುದ್ಧ ಮಾಡುವ ಘಟಕದ ಆಪರೇಟರ್ ಆಗಲು ರಾಜ್ಯದ ಪರೀಕ್ಷೆ, ಸರ್ಟಿಫಿಕೇಟ್ ಇವೆ. ಒಳ್ಳೆಯ ಕೆಲಸ, ನಮ್ಮವರ ಕಣ್ಣಿಗೆ ಬೀಳುವುದೇ ಇಲ್ಲ. ಆಸ್ಪತ್ರೆ ಲ್ಯಾಬಿನ ಕ್ಲಿನಿಕಲ್ ಸೈಂಟಿಸ್ಟ್ ಆಗಬೇಕಾದರೆ ನಾಲ್ಕು ವರ್ಷದ ಪದವಿ, ಆಮೇಲೆ ತರಬೇತಿ, ಲೈಸೆನ್ಸ್ ಬೇಕೇ ಬೇಕು. ಬಯೋಟೆಕ್ ಕಡೆ ಮನಸ್ಸಿದ್ದರೆ ಸೊಲಾನೊ, ಮಿರಾಕೋಸ್ಟಾ ಕಾಲೇಜುಗಳನ್ನು ನೋಡಿ. ಕಮ್ಯುನಿಟಿ ಕಾಲೇಜುಗಳಾದರೂ ಬಯೋಮ್ಯಾನುಫ್ಯಾಕ್ಚರಿಂಗ್‌ನಲ್ಲಿ (ಜೀವಕೋಶಗಳಿಂದ ಔಷಧದಂಥವನ್ನು ತಯಾರಿಸುವುದು) ಪೂರ್ತಿ ಬ್ಯಾಚುಲರ್ ಪದವಿ ಕೊಡುತ್ತವೆ.

ಎರಡನೆಯ ಸೆಮಿಸ್ಟರಿನಲ್ಲೇ ಇಂಥ ಕೆಲಸಗಳ ಜಾಹೀರಾತು ಓದಲು ಶುರು ಮಾಡಿ. ಅದರಲ್ಲಿ ಬರೆದಿರುವ ಯಂತ್ರ, ವಿಧಾನಗಳ ಹೆಸರು ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಅದರಲ್ಲಿ ನಿಮಗೆ ಬರದಿರುವುದು ಯಾವುದು ಎಂದು ನೋಡಿ, ಮುಂದಿನ ಕೋರ್ಸು ಆರಿಸುವಾಗ ಆ ಚೀಟಿ ಜೊತೆಗಿರಲಿ.