ಎಡವಿದವರನ್ನು ಸಭೆಗೆ ಮರಳಿ ಸೇರಿಸಿಕೊಂಡಿದ್ದು ಹೀಗೆ

ಕೊಡಗಿನ ಸಿದ್ದಾಪುರ ಕಡೆಯ ಒಂದು ಸಣ್ಣ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಹಿರಿಯನಾಗಿ ಸೇವೆ ಮಾಡುತ್ತಿದ್ದೇನೆ. 1850ರ ದಶಕದಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ಆನಂದಪುರ ಎಂಬ ಕ್ರೈಸ್ತರ ಊರು ಕಟ್ಟಿದ ಕಾಲದಿಂದ ಈ ಸೀಮೆಯಲ್ಲಿ ಕ್ರೈಸ್ತ ಮನೆಗಳಿವೆ. ನಮ್ಮ ಸಭೆಯಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ನೆಂಟರು. ವಾರವೆಲ್ಲ ಒಂದೇ ತೋಟದ ಕೆಲಸ, ಭಾನುವಾರ ಅಕ್ಕಪಕ್ಕದ ಬೆಂಚು. ಯಾರಾದರೂ ಎಡವಿದರೆ ಸಂಜೆಯೊಳಗೆ ಸುದ್ದಿ ತೋಟದ ಕೆಲಸಗಾರರ ಲೈನ್ ಮನೆಗಳನ್ನೆಲ್ಲ ಸುತ್ತಿ ಬರುತ್ತದೆ. ಅಂಥವರು ಆಮೇಲೆ ಆರಾಧನೆಗೆ ಬರುವುದನ್ನೇ ಬಿಡುತ್ತಾರೆ. ಅವರನ್ನು ಮರಳಿ ಕರೆತರುವುದು ಹೇಗೆ ಅಂತ ನಾನು ಕಲಿತದ್ದು ಜಾಸ್ತಿ ಒಂದೇ ಪ್ರಸಂಗದಿಂದ. ಇದನ್ನು ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.

ನಮ್ಮ ಸುಗ್ಗಿ ಹಬ್ಬದಲ್ಲಿ ಜನ ಕಾಫಿ, ಕರಿಮೆಣಸು, ಬಾಳೆಗೊನೆ, ಕೋಳಿ ತಂದು ಅರ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಆ ಹಣ ನೋಡಿಕೊಳ್ಳುತ್ತಿದ್ದ ಸಹೋದರ, ಮನೆಯ ಆಸ್ಪತ್ರೆ ಖರ್ಚಿಗೆ ಅದರಿಂದ ತೆಗೆದುಕೊಂಡಿದ್ದರು. ಕೇಳಿದ್ದರೆ ಸಭೆಯೇ ಕೊಡುತ್ತಿತ್ತು. ಕೇಳಲು ಅವರಿಗೆ ನಾಚಿಕೆ.

ಎಡವಿದವನ ವಿಷಯದಲ್ಲಿ ಬೈಬಲಿನ ಮತ್ತಾಯ 18ರಲ್ಲಿ ಕರ್ತನಾದ ಯೇಸು ಹೇಳಿದ ಕ್ರಮ ಸ್ಪಷ್ಟವಾಗಿದೆ. ಮೊದಲು ನೀನು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಮ್ಮ ಊರುಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಊರಿಗೆಲ್ಲ ಗೊತ್ತು, ಕೊನೆಗೆ ಆ ಮನುಷ್ಯನ ಹತ್ತಿರ ಮಾತು. ಹಾಗಾಗಿ ನಾನು ಕಮಿಟಿಗೂ ಹೇಳದೆ, ಅಯ್ಯನವರ (ನಮ್ಮ ಸಭೆಯ ಪಾಸ್ಟರ್) ಹತ್ತಿರ ಮಾತ್ರ ಪ್ರಾರ್ಥಿಸಿ ಅಂತ ಕೇಳಿಕೊಂಡು ಅವರ ಮನೆಗೆ ಹೋದೆ. ಕೈಯಲ್ಲಿ ಲೆಕ್ಕದ ಪುಸ್ತಕ ಒಯ್ಯಲಿಲ್ಲ. ಪುಸ್ತಕ ನೋಡಿದರೆ ಅವರು ಮೊತ್ತದ ಬಗ್ಗೆ ವಾದಕ್ಕೆ ನಿಲ್ಲುತ್ತಿದ್ದರು. "ಅಣ್ಣಾ, ಹರಾಜಿನ ಹಣದ ವಿಷಯ ನೀವೇ ಹೇಳಿಬಿಡಿ" ಅಂದೆ, ಅಷ್ಟೇ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಹೆಂಡತಿ, ನಾನು ಅಕ್ಕ ಅನ್ನುವವರು, ಒಳಗಿನಿಂದ ಬಂದು ಅವರ ಪಕ್ಕ ಕೂತ ಮೇಲೆ ಎಲ್ಲವನ್ನೂ ಹೇಳಿದರು.

ಆಗ ನಾನು "ಪರವಾಗಿಲ್ಲ, ಬಿಡಿ" ಅನ್ನಲಿಲ್ಲ. ಈ ಒಂದು ಮಾತು ಎಷ್ಟೋ ಸಮಾಧಾನಗಳನ್ನು ಕೆಡಿಸಿದೆ. ಪರವಾಗಿಲ್ಲ ಅಂದರೆ ತಪ್ಪೇ ಆಗಿಲ್ಲ ಅಂದ ಹಾಗಲ್ವಾ? ತಪ್ಪು ದೊಡ್ಡದು, ಆದರೆ ಕ್ರಿಸ್ತನ ಕ್ಷಮೆ ಅದಕ್ಕಿಂತ ದೊಡ್ಡದು ಅಂತ ಹೇಳಿದೆ. ಯೋಹಾನ 21ನ್ನು ಜೊತೆಯಲ್ಲಿ ಓದಿದೆವು. ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನನ್ನು ಯೇಸು ಮೂರು ಸಲ "ನನ್ನನ್ನು ಪ್ರೀತಿಸುತ್ತೀಯೋ?" ಅಂತ ಕೇಳುತ್ತಾನೆ. ಗಾಯ ಇದ್ದಲ್ಲೇ ಕೈ ಇಡುತ್ತಾನೆ. ಅದಕ್ಕೂ ಮೊದಲು ಬೆಂಕಿ ಹೊತ್ತಿಸಿ, ಮೀನು ಸುಟ್ಟು, ಊಟ ಕೊಟ್ಟಿರುತ್ತಾನೆ. ಅದನ್ನೂ ಮರೆಯಬಾರದು. ನಾನು ಆ ರಾತ್ರಿ ಅಲ್ಲೇ ಊಟ ಮಾಡಿದೆ.

ಹಣ ಹಿಂದಿರುಗಿಸುವ ಮಾತು ಬಂದಾಗ ಕಮಿಟಿಯಲ್ಲಿ ಚರ್ಚೆ ಜೋರಾಯಿತು. ಬೈಬಲಿನ ಸುಂಕದವ ಜಕ್ಕಾಯ ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ ಅಂತ ಒಬ್ಬರು. ಯಾಜಕಕಾಂಡ 6ರಲ್ಲಿ ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಬೇಕು ಅಂತಿದೆ ಎಂದು ಇನ್ನೊಬ್ಬರು. ಪಾಪ, ಮನ್ನಿಸಿಬಿಡೋಣ ಅಂತ ಮತ್ತೊಬ್ಬರು. ಜಕ್ಕಾಯನಿಗೆ ಯಾರೂ ಬಲವಂತ ಮಾಡಲಿಲ್ಲ, ಅವನೇ ಎದ್ದು ನಿಂತು ಹೇಳಿದ್ದು ಅಂತ ನಾನು ನೆನಪಿಸಿದೆ. ಕೊನೆಗೆ ಅಸಲು ಮಾತ್ರ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಂತಿನಂತೆ ಅಂತ ತೀರ್ಮಾನವಾಯಿತು. ಮಳೆಗಾಲದಲ್ಲಿ ಕೆಲಸವೇ ಕಡಿಮೆ, ಆಗ ಕೇಳುವುದು ನ್ಯಾಯವಲ್ಲ. ಅಸಲು ತೀರಿದ ಮೇಲೆ ಅವರು ತಾವಾಗಿಯೇ ಆ ಐದನೇ ಒಂದು ಪಾಲನ್ನೂ ತಂದರು.

ನಿಜವಾದ ಕಷ್ಟ ಇದ್ದದ್ದು ಸಭೆಯ ಕಡೆಯಿಂದ. ಅವರು ಸಭೆಯ ಮುಂದೆ ತಪ್ಪು ಒಪ್ಪಿಕೊಂಡರು, ಅಯ್ಯನವರು ಪ್ರಾರ್ಥಿಸಿದರು, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಸೇರಿಸಿಕೊಂಡೆವು. ಆದರೂ ಅವರ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಎರಡನೇ ಕೊರಿಂಥದ 2ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಹೇಳುವುದು ಇದನ್ನೇ: ತಪ್ಪು ಮಾಡಿದವನಿಗೆ ಆದ ಶಿಕ್ಷೆ ಸಾಕು, ಈಗ ಕ್ಷಮಿಸಿ ಸಂತೈಸಿರಿ, ಇಲ್ಲದಿದ್ದರೆ ಅವನು ಅಧಿಕ ದುಃಖದಲ್ಲಿ ಮುಳುಗಿಹೋದಾನು. ಸಂತೈಸುವ ಕೆಲಸವನ್ನು ಸಭೆ ಸುಮ್ನೆ ಬಿಟ್ಟುಬಿಡುತ್ತದೆ. ನಾನು ಮನೆಮನೆಗೆ ಹೋಗಿ ಕೇಳಿಕೊಂಡೆ. ವಾರದ ಮನೆಪ್ರಾರ್ಥನೆಯನ್ನು ಅವರ ಮನೆಯಲ್ಲೇ ಇಟ್ಟೆವು. ಮೊದಲು ಬಂದವರು ಕೆಲವೇ ಜನ. ಅಕ್ಕ ಮಾಡಿದ ಕಾಫಿ ಕುಡಿದು ಹೋದವರು ಮುಂದಿನ ವಾರ ಇನ್ನೊಬ್ಬರನ್ನು ಕರೆತಂದರು.

ಕ್ಷಮೆ ಬೇರೆ, ಜವಾಬ್ದಾರಿ ಬೇರೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಅವರಿಗೆ ಹಣದ ಕೆಲಸ ಮತ್ತೆ ಕೊಡಲಿಲ್ಲ, ಅವರೂ ಬೇಡ ಅಂದರು. ಈಗ ಭಾನುವಾರ ಶಾಲೆಯ ಮಕ್ಕಳಿಗೆ ಹಾಡು ಕಲಿಸುತ್ತಾರೆ. ಹಣ ಎಣಿಸಲು ಯಾವಾಗಲೂ ಇಬ್ಬರು ಕೂರುತ್ತಾರೆ.

ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೆ ಹೋಗುವ ಗೆಳೆಯರೊಬ್ಬರಿದ್ದಾರೆ. ಅವರು ಕಥೋಲಿಕರು; ಅವರಲ್ಲಿ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಸಂಸ್ಕಾರ ಇದೆ, ಗುರುಗಳು ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ. ನಮ್ಮಲ್ಲಿ ಆ ಸಂಸ್ಕಾರ ಇಲ್ಲದಿದ್ದರೂ ಆ ಗುಟ್ಟು ಕಾಯುವ ಶಿಸ್ತು ನಮಗೂ ಬೇಕು. ಕೇಳಿದ್ದನ್ನು ನಾನು ಮನೆಯಲ್ಲೂ ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ದಾರಿ ಹಿಡಿಯುವುದಿಲ್ಲ. ಹೆಂಡತಿಯನ್ನು ಹೊಡೆಯುವುದು, ಮಕ್ಕಳ ಮೇಲೆ ಕೈ ಮಾಡುವುದು ಇದ್ದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಬಾರದು. ಮೊದಲು ನೊಂದವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು, ಪೊಲೀಸರಿಗೆ ತಿಳಿಸಬೇಕು. ಕ್ಷಮಿಸು ಅಂತ ನೊಂದವರ ಮೇಲೆ ಒತ್ತಡ ಹಾಕುವ ಹಕ್ಕು ಯಾವ ಹಿರಿಯನಿಗೂ ಇಲ್ಲ.

ಸದ್ಯ ಅಣ್ಣ ತಮ್ಮ ಇಬ್ಬರ ಜಗಳ ನನ್ನ ಮುಂದಿದೆ. ಬೇಲಿಯ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಯಾರದು ಅಂತ ಶುರುವಾಗಿ, ಈಗ ಅಮ್ಮನನ್ನು ನೋಡಲೂ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಿದ್ದೇನೆ. ತಮ್ಮ ಒಪ್ಪಿದ್ದಾನೆ, ಅಣ್ಣ ಇನ್ನೂ ಇಲ್ಲ. ಮೆಣಸು ಕೊಯ್ಯುವ ಮೊದಲು ಅಯ್ಯನವರನ್ನೂ ಕರೆದುಕೊಂಡು ಇನ್ನೊಮ್ಮೆ ಅಣ್ಣನ ಮನೆಗೆ ಹೋಗುತ್ತೇನೆ.